ಕೆಲಸವಿಲ್ಲದ ಸಾಮಾನು

ನಮ್ಮೂರಿಗೆ ಪಾತ್ರೆ ಮಾರುವವರು ಬರುವುದಿಲ್ಲ. ತಪ್ಪಿ ಬಂದವರು ಊರ ಮುಂದಿನ ಬೇವಿನ ಮರದ ನೆರಳಲ್ಲಿ ಗಾಡಿ ನಿಲ್ಲಿಸಿ, ಸ್ವಲ್ಪ ಹೊತ್ತು ಕಾದು, ಯಾರೂ ಹತ್ತಿರ ಸುಳಿಯದ್ದನ್ನು ನೋಡಿ ಹೊರಟುಬಿಡುತ್ತಾರೆ. ಮದುವೆಯ ಮನೆಯಲ್ಲಿ ಯಾರಾದರೂ ಉಡುಗೊರೆ ಚಾಚಿದರೆ ಜನ ಕೈಮುಗಿಯುತ್ತಾರೆ. "ಬ್ಯಾಡ್ರಿ, ನಮ್ಮನಿಯಾಗ ಇದಕ್ಕ ಕೆಲಸಾ ಇಲ್ಲ." ಇಲ್ಲಿ ಯಾವ ಸಾಮಾನೂ ಸುಮ್ಮನೆ ಬಿದ್ದಿರಬಾರದು. ಬಿದ್ದರೆ ಅದು ತನ್ನ ಕೆಲಸವನ್ನು ಮನೆಯವರ ಮೈಯಿಂದ ಕಿತ್ತುಕೊಳ್ಳುತ್ತದೆ. ಏಣಿಯೊಂದನ್ನು ಹಿತ್ತಲಲ್ಲಿ ಮರೆತ ಮನೆಯ ಸೊಸೆಗೆ ಮೆಟ್ಟಿಲು ಹತ್ತುವುದೇ ಬಾರದಾಯಿತು. ತಲೆದಿಂಬನ್ನು ಅಟ್ಟಕ್ಕೆ ಎಸೆದವರ ಮನೆಯಲ್ಲಿ ಯಜಮಾನ ಹನ್ನೊಂದು ತಿಂಗಳು ಕಣ್ಣು ಮುಚ್ಚಲಿಲ್ಲ. ನಮ್ಮ ಓಣಿಯ ಚೆನ್ನಬಸಯ್ಯ ಹಳೆಯ ಬೀಗವೊಂದನ್ನು ಗೂಡಿನಲ್ಲಿಟ್ಟು ಮರೆತ; ಅವನ ಹೆಂಡತಿಯ ಮಾತು ದಿನದಿನಕ್ಕೆ ಕಡಿಮೆಯಾಗುತ್ತ ಬಂತು. ಬೀಗ ಸಿಕ್ಕಾಗ ಆಕೆಯ ಬಾಯಲ್ಲಿ ಇನ್ನೂ ನಾಲ್ಕೈದು ಮಾತು ಉಳಿದಿದ್ದವು. ಗಾಬರಿಯಲ್ಲಿ ಅದನ್ನು ಕಾಸಿ ಬಡಿದು ಕುಡುಗೋಲಿನ ಹಿಡಿಗೆ ಬಳೆ ಮಾಡಿದರು. ಆ ನಾಲ್ಕೈದು ಮಾತೂ ಅವತ್ತೇ ಹೋದವು. ಸಾಮಾನನ್ನು ಊರ ಹೊರಗೆ ಎಸೆದು ಬಂದವರೂ ಇದ್ದಾರೆ. ಅವರ ವಿಷಯ ನಾನು ಹೇಳುವುದಿಲ್ಲ.

ನನ್ನ ಹೆಸರು ನಿಂಬೆವ್ವ. ಈ ಊರಿಗೆ ಸೊಸೆಯಾಗಿ ಬಂದು ಹದಿನಾಲ್ಕು ವರ್ಷವಾಯಿತು. ನಮ್ಮ ಮನೆಯವರು ಫಕೀರಪ್ಪ, ತಗಡಿನ ಕೆಲಸ ಮಾಡುತ್ತಾರೆ. ಬಂದ ಹೊಸದರಲ್ಲಿ ಒಂದು ಚಮಚ ಕೆಳಗೆ ಬಿದ್ದರೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಆ ಹೆದರಿಕೆಯೇ ತಿರುಗಿ ಹುಮ್ಮಸ್ಸಾಯಿತು. ಸವೆದ ಹಲ್ಲುಜ್ಜುವ ಬ್ರಷ್ಷಿನ ತುದಿಗೆ ತೂತು ಮಾಡಿ ಲಂಗಕ್ಕೆ ಲಾಡಿ ಪೋಣಿಸುತ್ತೇನೆ. ಮುರಿದ ಛತ್ರಿಯ ಕಡ್ಡಿಗಳ ಮೇಲೆ ನಮ್ಮ ಅವರೆ ಬಳ್ಳಿ ಹಬ್ಬಿದೆ, ಅದರ ಬಟ್ಟೆ ಸಂತೆಯ ಚೀಲವಾಗಿದೆ. ಅಡುಗೆಮನೆಯ ಗೋಡೆಯಲ್ಲಿ ಖಾಲಿ ಬಾಟಲಿಗಳನ್ನು ಅಡ್ಡಲಾಗಿ ಕೂರಿಸಿ ಮಣ್ಣು ಮೆತ್ತಿದ್ದೇನೆ. ಬಿಸಿಲು ಏರಿದಂತೆ ಒಲೆಯ ಮುಂದೆ ಹಸಿರು ಬೆಳಕು ಬೀಳುತ್ತದೆ. ಕೆಟ್ಟುಹೋದ ರೇಡಿಯೋದ ಪೆಟ್ಟಿಗೆಯಲ್ಲಿ ಜೀರಿಗೆ, ಸಾಸಿವೆ. ಸೀರೆ ಹರಿದರೆ ಕೌದಿ, ಕೌದಿ ಹರಿದರೆ ಕಾಲೊರಸು. ಬೇರೆ ಓಣಿಯ ಹೆಂಗಸರು ಸೆರಗಿನಲ್ಲಿ ಏನಾದರೂ ಮುಚ್ಚಿಕೊಂಡು ಬಂದು, "ನಿಂಬಕ್ಕಾ, ಇದನ್ನ ಏನ್ ಮಾಡೂಣು?" ಎಂದು ಕೇಳುತ್ತಿದ್ದರು. ನಾನು ಅದನ್ನು ಎರಡು ಸಲ ತಿರುಗಿಸಿ ನೋಡಿ ಹೇಳಿಬಿಡುತ್ತಿದ್ದೆ. ನನ್ನ ಮಾತು ತಪ್ಪಿದ್ದಿಲ್ಲ.

ಮೂರು ವರ್ಷದ ಹಿಂದೆ ನನ್ನ ಮೈದುನ ಶಿವಪುತ್ರ ಹಳ್ಳ ದಾಟುವಾಗ ಸೈಕಲ್ ಸಮೇತ ಕೊಚ್ಚಿಕೊಂಡು ಹೋದ. ಇಪ್ಪತ್ತಾರು ವರ್ಷದ ಹುಡುಗ, ಇನ್ನೂ ಮದುವೆ ಆಗಿರಲಿಲ್ಲ. ನಮ್ಮೂರಲ್ಲಿ ಹೋದವರ ಸಾಮಾನನ್ನು ಬಹಳ ದಿನ ಇಟ್ಟುಕೊಳ್ಳಲು ಆಗುವುದಿಲ್ಲ, ಅದು ಯಾಕೆಂದು ಹೇಳಬೇಕಾಗಿಲ್ಲ. ಹದಿಮೂರನೆಯ ದಿನ ಮುಗಿದದ್ದೇ ನಾನು ಸೆರಗು ಸಿಕ್ಕಿಸಿಕೊಂಡು ಕೂತೆ. ಅವನ ಅಂಗಿಗಳು ದಿಂಬಿನ ಚೀಲವಾದವು. ಧೋತರ ಹಾಲು ಸೋಸುವ ಅರಿವೆಯಾಯಿತು. ಬೂಟುಗಳಲ್ಲಿ ಮಣ್ಣು ತುಂಬಿ ಪುದೀನ ಹಚ್ಚಿದೆ. ಹಳ್ಳದಿಂದ ಎತ್ತಿ ತಂದ ಸೈಕಲ್ಲನ್ನು ಇವರು ಬಿಚ್ಚಿದರು. ಒಂದು ಗಾಲಿ ಬಾವಿಯ ರಾಟೆಯಾಯಿತು, ಇನ್ನೊಂದರ ಮೇಲೆ ಹಾಗಲ ಬಳ್ಳಿ ಬಿಟ್ಟೆ, ಟೈರನ್ನು ಕತ್ತರಿಸಿ ಕೊಡಗಳಿಗೆ ಸಿಂಬಿ ಮಾಡಿದೆ. ಸಂಜೆಯೊಳಗೆ ಅವನದು ಎನ್ನುವಂಥ ಒಂದೂ ಸಾಮಾನು ಅವನದಾಗಿ ಉಳಿಯಲಿಲ್ಲ. ಓಣಿಯವರೆಲ್ಲ ಬಂದು ನೋಡಿ ಹೊಗಳಿದರು. ನನ್ನ ಅತ್ತೆ ಸತ್ಯವ್ವ ಮಾತ್ರ ಕಟ್ಟೆಯ ಮೇಲೆ ಕೂತು, ನನ್ನ ಕೈಗಳನ್ನೇ ನೋಡುತ್ತಿದ್ದರು. ಅದಾಗಿ ಸ್ವಲ್ಪ ದಿನಕ್ಕೆ ಅವರ ಕಿವಿ ಮಂದವಾಗತೊಡಗಿತು. ಅರವತ್ತು ದಾಟಿದ ಹೆಂಗಸು, ಮೇಲೆ ಮಗನ ದುಃಖ ಬೇರೆ ಎಂದು ನಾವು ಸುಮ್ಮನಾದೆವು. ಈ ವರ್ಷದ ಯುಗಾದಿಯ ಹೊತ್ತಿಗೆ ಅವರಿಗೆ ಏನೂ ಕೇಳಿಸುತ್ತಿರಲಿಲ್ಲ. ಕೈಸನ್ನೆಯಲ್ಲೇ ಊಟಕ್ಕೆ ಕರೆಯುತ್ತಿದ್ದೆವು.

ನನ್ನ ಮಗಳು ಚಂಪಾಳಿಗೆ ಒಂಬತ್ತು ವರ್ಷ. ಹುಟ್ಟಿದಾಗಿನಿಂದ ಅಜ್ಜಿಯ ಮಗ್ಗುಲಲ್ಲೇ ಮಲಗುವವಳು. ಯುಗಾದಿಯಾಗಿ ತಿಂಗಳಾಗಿರಬೇಕು, ಒಂದು ಬೆಳಿಗ್ಗೆ ಅಂಗಳದಲ್ಲಿ ಕೂತು ತಲೆ ಬಾಚಿಸಿಕೊಳ್ಳುತ್ತಿದ್ದಾಗ ಹಾಗಲ ಬಳ್ಳಿಯ ಕಡೆ ನೋಡುತ್ತ ಕೇಳಿದಳು: "ಯವ್ವಾ, ಗುಬ್ಬಿ ಯಾಕ ಬರೇ ಬಾಯಿ ತಗೀತಾವ? ಒದರೂದಾ ಇಲ್ಲ?"

ಗುಬ್ಬಿಗಳು ಕಿವಿ ತೂತಾಗುವಷ್ಟು ಚೀರುತ್ತಿದ್ದವು. ನನ್ನ ಕೈಯಲ್ಲಿದ್ದ ಬಾಚಣಿಗೆ ಅಲ್ಲೇ ನಿಂತಿತು. ಅವಳಿಗೆ ಗೊತ್ತಾಗದಂತೆ ಬೆನ್ನ ಹಿಂದೆ ಮೆಲ್ಲಗೆ ಅವಳ ಹೆಸರು ಹೇಳಿದೆ. ತಿರುಗಲಿಲ್ಲ. ಇನ್ನಷ್ಟು ಜೋರಾಗಿ ಕರೆದೆ. ಆಗ ತಿರುಗಿ ನಕ್ಕಳು. "ಏನಬೇ?"

ಇವರಿಗೆ ಹೇಳಿದಾಗ ಇವರು ಕೈಯಲ್ಲಿದ್ದ ತಗಡನ್ನು ಕೆಳಗಿಟ್ಟರು. ಆಮೇಲೆ, "ನಮ್ಮನಿಯಾಗ? ಹೆಂಗ ಸಾಧ್ಯ?" ಎಂದರು. "ಯಾರಿಗೂ ಹೇಳಬ್ಯಾಡ. ಮೊದಲ ಹುಡುಕೂಣು." ಹೇಳುವಂತೆಯೂ ಇರಲಿಲ್ಲ. ಕೆಲಸವಿಲ್ಲದ ಸಾಮಾನು ಇರುವ ಮನೆಗೆ ನಮ್ಮೂರಿನವರು ಕಾಲಿಡುವುದಿಲ್ಲ; ಆ ಮನೆಯ ಮಕ್ಕಳನ್ನು ತಮ್ಮ ಮಕ್ಕಳ ಜೊತೆ ಆಡಗೊಡುವುದಿಲ್ಲ. ಡಾಕ್ಟರ ಹತ್ತಿರ ಹೋದರೂ ಅವರು ಕೇಳುವ ಮೊದಲ ಮಾತೇ, ಮನೆಯಲ್ಲಿ ಏನು ಬಿದ್ದಿದೆ ಎಂದು. ಅದಕ್ಕೆ ನಾವು ದನಿ ತಗ್ಗಿಸಿ ಮಾತಾಡತೊಡಗಿದೆವು. ಅತ್ತೆಗಂತೂ ಹೇಳುವ ಪ್ರಶ್ನೆಯೇ ಬರಲಿಲ್ಲ. ಅವರಿಗೆ ಹೇಳಬೇಕೆಂದರೆ ಓಣಿಗೆಲ್ಲ ಕೇಳುವಂತೆ ಕೂಗಬೇಕು, ಅಷ್ಟು ಕೂಗಿದರೂ ಮುಟ್ಟುತ್ತಿರಲಿಲ್ಲ.

ದನಿ ಮಾಡುವ ಸಾಮಾನುಗಳನ್ನೆಲ್ಲ ಒಂದೊಂದಾಗಿ ಹಿಡಿದು ನೋಡಿದೆವು. ದೇವರ ಗಂಟೆ ದಿನಾ ಬಾರಿಸುತ್ತೇವೆ. ಮಗಳ ಕಾಲ್ಗೆಜ್ಜೆ ಅವಳ ಕಾಲಲ್ಲೇ ಇದೆ. ಹಳೆಯ ಅಲಾರಾಂ ಗಡಿಯಾರದ ಬಟ್ಟಲಲ್ಲಿ ಹುಣಸೆಹಣ್ಣು ನೆನೆಸುತ್ತೇನೆ. ಕ್ಯಾಸೆಟ್ಟುಗಳ ರೀಲು ಕಾಳು ಒಣಗಿಸುವಾಗ ಹಕ್ಕಿ ಬೆದರಿಸಲು ಕಟ್ಟಿದ್ದೇವೆ. ಟೆಲಿಫೋನಿನ ಕೈ ಬಚ್ಚಲ ಬಾಗಿಲಿಗೆ ಹಿಡಿಕೆ. ಎಲ್ಲಕ್ಕೂ ಕೆಲಸವಿತ್ತು. ಆದರೂ ನಂಬಿಕೆ ಸಾಲದೆ ಒಂದೊಂದಕ್ಕೂ ಎರಡೆರಡು ಕೆಲಸ ಹಚ್ಚಿದೆ. ಹುಣಸೆಹಣ್ಣಿನ ಬಟ್ಟಲಿನಿಂದಲೇ ಗಿಡಕ್ಕೆ ನೀರು ಹಾಕಿದೆ. ಗೆಜ್ಜೆಯ ಒಂದು ಕಾಳು ಉದುರಿದ್ದನ್ನು ಹುಡುಕಿ ತೆಗೆದು ಗುಂಡಿಯ ಜಾಗದಲ್ಲಿ ಹೊಲಿದೆ.

ದಿನಾ ಬೆಳಿಗ್ಗೆ ಒಂದು ತಟ್ಟೆ, ಒಂದು ಚಮಚ ಹಿಡಿದು ಮಗಳ ಹಿಂದೆ ನಿಲ್ಲುತ್ತಿದ್ದೆ. ಮೊದಲ ವಾರ ಬಾವಿಕಟ್ಟೆಯಿಂದ ಬಡಿದರೆ ತಿರುಗುತ್ತಿದ್ದಳು. ಎರಡನೆಯ ವಾರ ಹೊಸ್ತಿಲಿನಿಂದ ಬಡಿಯಬೇಕಾಯಿತು. ಆಮೇಲೆ ಮಾರು ದೂರದಿಂದ. ಆಮೇಲೆ ಗೇಣು ದೂರದಿಂದ. ಪೂರ್ತಿ ಹೋಗುವ ತನಕ ತಿರುಗಿ ಬರಬಹುದು ಎಂಬುದೊಂದೇ ನಮ್ಮೂರಿನವರಿಗೆ ಇರುವ ಸಮಾಧಾನ. ಪೂರ್ತಿ ಹೋದದ್ದು ಬಂದ ಉದಾಹರಣೆಯಿಲ್ಲ. ಚಂಪಾ ನನ್ನ ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತಿದ್ದಳು. ಜಾಣೆ, ನನ್ನನ್ನು ಹೆದರಿಸಬಾರದೆಂದು ಕೇಳಿಸಿದವಳ ಹಾಗೆ ತಲೆಯಾಡಿಸುತ್ತಿದ್ದಳು. ಅದು ಇನ್ನೂ ಹೆದರಿಕೆ ತರುತ್ತಿತ್ತು.

ಹದಿನಾಲ್ಕು ವರ್ಷ ನಾನು ಕೈಯಾರೆ ಮಾಡಿದ ಮನೆ ನನಗೆ ಬೇರೆಯವರ ಮನೆಯ ಹಾಗೆ ಕಾಣತೊಡಗಿತು. ಒಲೆಯ ಮುಂದಿನ ಹಸಿರು ಬೆಳಕಿನಲ್ಲಿ ಕೂತರೆ ಬಾಟಲಿಗಳ ಬುಡಗಳೆಲ್ಲ ಕಣ್ಣು ತೆರೆದು ನನ್ನನ್ನೇ ನೋಡಿದಂತಾಗುತ್ತಿತ್ತು. ಜೀರಿಗೆ ತೆಗೆಯಲು ರೇಡಿಯೋ ಪೆಟ್ಟಿಗೆಗೆ ಕೈ ಹಾಕುವಾಗ ಬೆರಳು ಹಿಂದಕ್ಕೆಳೆದುಕೊಳ್ಳುತ್ತಿದ್ದವು. ಇವುಗಳಲ್ಲಿ ಯಾವುದೋ ಒಂದು ಕೆಲಸ ಮಾಡುವಂತೆ ನಟಿಸುತ್ತಿದೆ, ಒಳಗೊಳಗೆ ನನ್ನ ಮಗಳನ್ನು ಕುಡಿಯುತ್ತಿದೆ. ಯಾವುದು? ಒಂದು ಮಧ್ಯಾಹ್ನ ಪಕ್ಕದ ಮನೆಯ ಕಸ್ತೂರಿ ಮೊಸರಿಗೆ ಹೆಪ್ಪು ಕೇಳಲು ಬಂದಳು. ಬಾಗಿಲಲ್ಲಿ ಬೆನ್ನು ಮಾಡಿ ಕೂತಿದ್ದ ಚಂಪಾಳನ್ನು, "ಏ ಚಂಪಿ, ಸರಿ ಸ್ವಲ್ಪ" ಎಂದಳು. ಮತ್ತೊಮ್ಮೆ ಅಂದಳು. ನಾನು ಓಡಿ ಬಂದು ಮಗಳ ಭುಜ ಹಿಡಿದು ಸರಿಸಿ, "ನಿದ್ದಿಗಣ್ಣಾಗ ಅದಾಳ" ಎಂದೆ. ಕಸ್ತೂರಿ ನನ್ನ ಮುಖ ನೋಡಿದಳು, ಆಮೇಲೆ ಹೊಸ್ತಿಲಿನಿಂದ ಕಾಲು ಹಿಂದಕ್ಕೆ ತೆಗೆದಳು. "ಹೆಪ್ಪು ಇರಲಿ ಬಿಡು ನಿಂಬಕ್ಕ" ಎಂದು ಹೋದವಳು ಮರುದಿನದಿಂದ ನಮ್ಮ ಕಡೆಯ ಕಿಟಕಿ ತೆಗೆಯಲಿಲ್ಲ.

ಅಟ್ಟವೊಂದು ಉಳಿದಿತ್ತು. ಅಲ್ಲಿ ಇವರ ಕೆಲಸದ ತಗಡು ಬಿಟ್ಟರೆ ಬೇರೇನೂ ಇರಲಿಲ್ಲ, ಅವೂ ದಿನಾ ಇಳಿಯುವಂಥವು. ಆದರೂ ಒಂದು ದಿನ ಬೆಳಿಗ್ಗೆ ಇವರು ಹತ್ತಿ ಎಲ್ಲ ಸರಿಸತೊಡಗಿದರು. ಕೆಳಗೆ ಪಡಸಾಲೆಯಲ್ಲಿ ಚಂಪಾ ಅವರೆಕಾಯಿ ಸುಲಿಯುತ್ತಿದ್ದಳು. ಎದುರಿಗೆ ಅತ್ತೆ ಗೋಡೆಗೆ ಒರಗಿ ಕೂತಿದ್ದರು. ನಾವು ತಿಂಗಳಿಂದ ಮನೆಯೆಲ್ಲ ಕೆದರುತ್ತಿದ್ದುದನ್ನು ಅವರು ಸುಣ್ಣ ಬಳಿಯುವ ತಯಾರಿ ಎಂದುಕೊಂಡಿದ್ದರಂತೆ. ಇವರ ಕೈ ಜಾರಿತು. ಇಪ್ಪತ್ತು ತಗಡು ಒಟ್ಟಿಗೆ ಚಂಪಾಳ ಬೆನ್ನ ಹಿಂದೆ ನೆಲಕ್ಕೆ ಬಿದ್ದವು. ಬಾವಿಯ ಮೇಲಿನ ಗುಬ್ಬಿಗಳೆಲ್ಲ ಎದ್ದು ಹಾರಿದವು, ಓಣಿಯಲ್ಲಿ ನಾಯಿ ಬೊಗಳಿತು, ನಾನು ಕೈಯಲ್ಲಿದ್ದ ಹಾಲಿನ ಪಾತ್ರೆ ಬಿಟ್ಟುಬಿಟ್ಟೆ. ಚಂಪಾ ಒಂದು ಕಾಯಿ ಸುಲಿದು, ಕಾಳನ್ನು ಮೊರಕ್ಕೆ ಹಾಕಿ, ಇನ್ನೊಂದು ಕಾಯಿ ಎತ್ತಿಕೊಂಡಳು.

ಅತ್ತೆಗೂ ಆ ಸದ್ದು ಕೇಳಿಸಲಿಲ್ಲ. ಆದರೆ ಅವರು ನಮ್ಮನ್ನು ನೋಡಿದರು. ನಾನು ಬೆಚ್ಚಿದ್ದನ್ನು, ಗುಬ್ಬಿ ಎದ್ದದ್ದನ್ನು, ಅಟ್ಟದಿಂದ ಇವರು ಬಗ್ಗಿದ್ದನ್ನು ನೋಡಿದರು. ಮಗು ಮಾತ್ರ ಬೆಚ್ಚಲಿಲ್ಲ ಎಂಬುದನ್ನೂ ನೋಡಿದರು. "ನಿಂಬೆವ್ವ, ಕೂಸಿಗೆ ಕೇಳಸೂದಿಲ್ಲೇನು?" ಎಂದು ಚೀರಿದರು. ತಮ್ಮ ದನಿ ತಮಗೆ ಕೇಳದವರ ಚೀರಾಟ ಅದು, ಓಣಿಯ ತುದಿಗೆ ಮುಟ್ಟಿರಬೇಕು. ನಾನು ತಲೆಯಾಡಿಸಿದೆ. ಎಷ್ಟು ದಿನದಿಂದ ಎಂದು ಕೇಳಿದರು. ಒಂದು ಬೆರಳು ತೋರಿಸಿದೆ, ಒಂದು ತಿಂಗಳು.

ಅವರು ಸೊಂಟದ ಎಲೆಯಡಿಕೆ ಸಂಚಿ ಬಿಚ್ಚಿದರು. ಒಳಗಿನ ಪದರದಿಂದ ಒಂದು ಗಂಟು ತೆಗೆದರು. ನೀಲಿ ಗೀರಿನ ಅರಿವೆ, ಶಿವಪುತ್ರನ ಅಂಗಿಯ ತೋಳಿನ ತುಂಡು. ಸುರುಳಿ ಸುರುಳಿಯಾಗಿ ಬಿಚ್ಚಿದಾಗ ಸೈಕಲ್ಲಿನ ಬೆಲ್ಲು ಹೊರಗೆ ಬಂತು. ಹಳ್ಳದ ನೀರಲ್ಲಿ ಎಲ್ಲೋ ಹೋಗಿದೆ ಎಂದು ನಾವು ಮರೆತುಬಿಟ್ಟಿದ್ದ ಬೆಲ್ಲು.

"ಇದೊಂದನ್ನೂ ನೀ ಏನರೆ ಮಾಡಿಬಿಡ್ತಿ ಅಂತ ಹೆದರಿಕಿ ಆತವ್ವ" ಎಂದರು ಅತ್ತೆ. "ಅವನ ಎಲ್ಲಾ ಸಾಮಾನಾ ನೀ ಒಂದಾ ದಿನದಾಗ ಬ್ಯಾರೆ ಮಾಡಿದಿ. ತಪ್ಪಲ್ಲ ಅದು, ಮಾಡಬೇಕಿತ್ತು, ಮಾಡಿದಿ. ಆದರ ನನಗ ಒಂದರ ಇದ್ದಂಗಾ ಇರಬೇಕಿತ್ತು. ಬಾರಿಸಿದರ ನಿನಗ ಗೊತ್ತಾಕ್ಕೈತಿ ಅಂತ ಅರಿವ್ಯಾಗ ಸುತ್ತಿ ಇಟ್ಟೆ. ಇದರ ಮುಂದ ಕುಂತು ಹೇಳಿದ್ದೆ, ತಗೊಳ್ಳೂದಿದ್ದರ ನನ್ನ ಕಿವಿ ತಗೋ, ಮುದುಕಿಗೆ ಕಿವಿ ಯಾತಕ್ಕ ಬೇಕು ಅಂತ. ತಗೊಂತು. ಪೂರಾ ತಗೊಂತು. ಅಲ್ಲಿಗೆ ಮುಗೀತು ಅಂದ್ಕೊಂಡಿದ್ದೆ." ಚಂಪಾಳ ಕಡೆ ನೋಡಿದರು. "ನನ್ನ ಮಗ್ಗಲದಾಗ ಮಲಗೂದು ಈ ಕೂಸಾ ಅಲ್ಲೇನು. ನಂದು ಮುಗದ ಮ್ಯಾಲೆ ಅದು ಮಗ್ಗಲಕ್ಕ ಕೈ ಹಾಕೈತಿ."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮೂರು ವರ್ಷದ ಹಿಂದೆ ನಾನು ಕತ್ತರಿ ಹಿಡಿದು ಕೂತಾಗ ಅವರು ಕಟ್ಟೆಯ ಮೇಲಿಂದ ನೋಡುತ್ತಿದ್ದುದು ನೆನಪಾಯಿತು. ಅವತ್ತು ಒಮ್ಮೆ ತಲೆಯೆತ್ತಿ, ಅತ್ತೀ, ನಿಮಗ ಏನರೆ ಬೇಕೇನ್ರಿ ಎಂದು ಕೇಳಿದ್ದರೆ? ಅಷ್ಟು ಹೆಂಗಸರಿಗೆ ಅವರವರ ಸಾಮಾನು ಏನಾಗಬೇಕೆಂದು ಹೇಳಿದವಳು ನಾನು. ನನ್ನ ಮನೆಯಲ್ಲೇ ಇದ್ದವರನ್ನು ಒಂದು ಮಾತು ಕೇಳಿರಲಿಲ್ಲ.

ಇವರು ಅಟ್ಟದಿಂದ ಇಳಿದು ಬಂದವರು ಬೆಲ್ಲನ್ನು ಕಸಿದುಕೊಂಡರು. "ಕುಲುಮಿ ಹಚ್ಚು. ಈಗಿಂದೀಗ ಕಾಸಿ ಬಡದು ದೀಪದ ಬಟ್ಟಲಾ ಮಾಡ್ತೀನಿ. ಇನ್ನ ಒಂದು ತಾಸೂ ಇದು ಸುಮ್ನ ಇರಬಾರದು." ನಾನು ಊದಿ ಬೆಂಕಿ ಮಾಡಿದೆ. ಕೈ ತಾನೇ ಮಾಡಿತು, ಹದಿನಾಲ್ಕು ವರ್ಷದ ಅಭ್ಯಾಸ. ಇವರು ಬೆಲ್ಲಿನ ಟೋಪಿ ಬಿಚ್ಚಿ ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆ ಎತ್ತಿದರು. ಅಷ್ಟರಲ್ಲಿ ನನಗೆ ಚೆನ್ನಬಸಯ್ಯನ ಹೆಂಡತಿ ಕಣ್ಣ ಮುಂದೆ ಬಂದಳು. ಆಕೆ ಈಗಲೂ ಬಾವಿಯ ಹತ್ತಿರ ಸಿಕ್ಕಾಗ ತುಟಿ ಅಲುಗಿಸುತ್ತಾಳೆ, ಏನೂ ಹೊರಗೆ ಬರುವುದಿಲ್ಲ. ಬೀಗ ಬಡಿದ ದಿನವೇ ಅವಳ ಕೊನೆಯ ಮಾತು ಹೋದದ್ದು. ಆ ಮಾತುಗಳು ಬೀಗದೊಳಗೇ ಇದ್ದಿದ್ದರೆ?

ನಾನು ಸುತ್ತಿಗೆಯ ಕೈ ಹಿಡಿದುಕೊಂಡೆ. "ಬ್ಯಾಡ್ರಿ! ಚಂಪಿ ಕಿವಿ ಅದರೊಳಗ ಐತಿ."

"ಬಿಡು ನಿಂಬೆವ್ವ. ಸುಮ್ನ ಕುಂತ ಸಾಮಾನಿಗೆ ಹೊಸಾ ಕೆಲಸಾ ಕೊಡಬೇಕು. ಊರೆಲ್ಲಾ ಹಂಗಾ ಮಾಡ್ತಾರ. ನೀನಾ ಹಂಗ ಹೇಳಿದಾಕಿ."

"ಹೌದ್ರಿ, ನಾನಾ ಹೇಳಿದಾಕಿ. ಅದನ್ನ ಚಪ್ಪಟಿ ಮಾಡಿದ ಮ್ಯಾಲೆ ಅದರಾಗಿನ ದನಿ ಎಲ್ಲಿಗೆ ಹೋಗ್ತೈತಿ ಹೇಳ್ರಿ? ಬೆಲ್ಲ್ ಬೆಲ್ಲಾಗೇ ಇರಲಿ. ಕೆಲಸಾ ನಾ ಕೊಡ್ತೀನಿ."

"ತಪ್ಪಿದರ?"

ನಾನು ಸುತ್ತಿಗೆಯ ಕೈ ಬಿಡಲಿಲ್ಲ. ಅವತ್ತಿನ ತನಕ ಯಾವ ಸಾಮಾನಿನ ವಿಷಯದಲ್ಲೂ ತಪ್ಪಿದರೆ ಎಂಬ ಮಾತು ಬಂದಿರಲಿಲ್ಲ. ಇವರು ಮಗಳನ್ನು ನೋಡಿದರು, ತಮ್ಮ ತಾಯಿಯನ್ನು ನೋಡಿದರು. ಸುತ್ತಿಗೆ ಕೆಳಗಿಟ್ಟರು. ಬೆಲ್ಲಿನೊಳಗಿನ ತುಕ್ಕು ಕೆರೆದು, ಎಣ್ಣೆ ಬಿಟ್ಟು, ನಾನು ಹೇಳಿದಂತೆ ಅದನ್ನು ಅತ್ತೆಯ ಊರುಗೋಲಿನ ಹಿಡಿಯ ಕೆಳಗೆ ಬಿಗಿದರು. ನಾನು ಅತ್ತೆಯ ಮುಂದೆ ಕೂತು ಸನ್ನೆ ಮಾಡಿದೆ. ನೀರು ಬೇಕಾದರೆ ಇದು. ಎಬ್ಬಿಸಿ ಕೂರಿಸಬೇಕಾದರೆ ಇದು. ಚಂಪಾಳನ್ನು ಕರೆಯಬೇಕಾದರೆ ಇದು, ಬೇರೆ ಯಾರೂ ಅಲ್ಲ, ಚಂಪಾಳನ್ನೇ. ಅವರು ತಿಳಿಯಿತೆಂದು ತಲೆಯಾಡಿಸಿ, ಹೆಬ್ಬೆರಳಿನಿಂದ ಒತ್ತಿದರು. ಮೂರು ವರ್ಷದ ಮೇಲೆ ಆ ಬೆಲ್ಲು ನಮ್ಮ ಮನೆಯಲ್ಲಿ ದನಿ ಮಾಡಿತು. ಇವರು ಮುಖ ತಿರುಗಿಸಿ ಅಂಗಳಕ್ಕೆ ಹೋಗಿಬಿಟ್ಟರು. ಚಂಪಾ ಅವರೆಕಾಯಿ ಸುಲಿಯುತ್ತಲೇ ಇದ್ದಳು.

ಮರುದಿನ ಬೆಳಿಗ್ಗೆ ತಟ್ಟೆಯನ್ನು ಅವಳ ಕಿವಿಗೆ ತಾಗಿಸಿ ಬಡಿದೆ. ಒಂದು ಕಿವಿಗೆ ಏನೂ ಇಲ್ಲ. ಇನ್ನೊಂದಕ್ಕೆ ಎಲ್ಲೋ ಏನೋ ಆಯಿತೆಂದು ಹುಬ್ಬು ಗಂಟಿಕ್ಕಿದಳು, ಅಷ್ಟೇ. ಎಳೆಯಷ್ಟು ಉಳಿದಿತ್ತು. ಅವತ್ತಿನಿಂದ ಅತ್ತೆ ಬೆಳಗಾದರೆ ಬೆಲ್ಲು ಹಿಡಿದು ಕೂರುತ್ತಿದ್ದರು. ಬಾರಿಸುವುದು, ಮಗು ನೋಡಿ ಬರುವ ತನಕ ಕಾಯುವುದು, ಒಂದು ಗುಟುಕು ನೀರು ಕುಡಿದು ಕಳಿಸುವುದು, ಮತ್ತೆ ಬಾರಿಸುವುದು. ಸುಳ್ಳು ಕೆಲಸಕ್ಕೆ ಬಾರಿಸಲಿಲ್ಲ. ಸಾಮಾನಿಗೆ ಮೋಸ ಗೊತ್ತಾಗುತ್ತದೆ ಎಂದು ಅವರಿಗೆ ನಮಗಿಂತ ಚೆನ್ನಾಗಿ ತಿಳಿದಿತ್ತು. ಹಾಗಾಗಿ ಬೇಡವಾದಷ್ಟು ನೀರು ಕುಡಿದರು. ಮೂರನೆಯ ದಿನಕ್ಕೆ ಹೆಬ್ಬೆರಳಲ್ಲಿ ಬೊಬ್ಬೆ ಎದ್ದಿತು. ಅರಿವೆ ಸುತ್ತಿಕೊಂಡು ಬಾರಿಸಿದರು. ಓಣಿಗೆಲ್ಲ ವಿಷಯ ತಿಳಿಯಿತು. ಸೆರಗಿನಲ್ಲಿ ಸಾಮಾನು ಮುಚ್ಚಿಕೊಂಡು ನಮ್ಮ ಮನೆಗೆ ಬರುವವರು ನಿಂತರು. ನನಗೆ ಅದು ನೆನಪಿಗೂ ಬರಲಿಲ್ಲ. ಬೆಲ್ಲು ಬಾರಿಸಿದಾಗಲೆಲ್ಲ ನಾನು ಮಗಳ ಬೆನ್ನನ್ನೇ ನೋಡುತ್ತಿದ್ದೆ. ಆ ಬೆನ್ನು ಅಲುಗುತ್ತಿರಲಿಲ್ಲ. ಒಂಬತ್ತು ದಿನ ಅಲುಗಲಿಲ್ಲ. ಏಳನೆಯ ದಿನ ಇವರು ಸುತ್ತಿಗೆಯನ್ನು ಮತ್ತೆ ಕೈಗೆತ್ತಿಕೊಂಡು ಕೆಳಗಿಟ್ಟರು. ಎಂಟನೆಯ ದಿನ ನಾನೇ ಎತ್ತಿಕೊಂಡಿದ್ದೆ.

ಹತ್ತನೆಯ ದಿನ ಮಧ್ಯಾಹ್ನ ಚಂಪಾ ಮಾಳಿಗೆಯ ಮೇಲೆ ನನ್ನ ಜೊತೆ ಸಂಡಿಗೆ ತಿರುವಿ ಹಾಕುತ್ತಿದ್ದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ನನಗೆ ಬೆನ್ನು ಹಾಕಿ ಕೂತಿದ್ದಳು. ಕೆಳಗೆ ಪಡಸಾಲೆಯಲ್ಲಿ ಬೆಲ್ಲು ದನಿ ಮಾಡಿತು. ನಾನು ಅವಳನ್ನು ಮುಟ್ಟಿ ತಿಳಿಸಬೇಕೆಂದು ಎದ್ದೆ. ಅವಳ ಕೈ ನಿಂತಿತ್ತು. ತಲೆಯನ್ನು ಎಡಕ್ಕೆ ಓರೆ ಮಾಡಿ, ಮೂಗಿನ ಮೇಲೆ ನೊಣ ಕೂತವರ ಹಾಗೆ ಮುಖ ಕಿವುಚಿದಳು. ಬೆಲ್ಲು ಮತ್ತೊಮ್ಮೆ ದನಿ ಮಾಡಿತು.

"ಅಜ್ಜಿ ಕರೀತಾಳ" ಎಂದಳು.

ಬಲಗಿವಿ ಅವಳಿಗೆ ಮುಂದೆ ಎಂದೂ ಬರಲಿಲ್ಲ, ಅದು ಆಮೇಲೆ ಗೊತ್ತಾದದ್ದು. ಅವತ್ತು ಅವಳು ಹಿಟ್ಟಿನ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಮಾಳಿಗೆಯ ಅಂಚಿಗೆ ಓಡಿ, ಬಗ್ಗಿ, ಗಂಟಲು ಹರಿಯುವಂತೆ ಕೂಗಿದಳು. "ಬಂದೆ ಅಜ್ಜೀ!" ತನ್ನ ಕೂಗು ತನಗೇ ಕೇಳಿಸಿ ನಕ್ಕು, ಇನ್ನೊಮ್ಮೆ ಕೂಗಿದಳು. ಮುಚ್ಚಿದ್ದ ಕಸ್ತೂರಿಯ ಕಿಟಕಿ ಅರ್ಧ ತೆರೆಯಿತು.

ಕೆಳಗೆ ಅತ್ತೆ ಬೆಲ್ಲು ನಿಲ್ಲಿಸಲಿಲ್ಲ. ಮಗು ಓಗೊಟ್ಟದ್ದು ಅವರಿಗೆ ಹೇಗೆ ಗೊತ್ತಾಗಬೇಕು? ಚಂಪಾ ಮೆಟ್ಟಿಲನ್ನು ಎರಡೆರಡಾಗಿ ಇಳಿಯುತ್ತ, "ಬಂದೆ, ಬಂದೆ" ಎನ್ನುತ್ತಲೇ ಇದ್ದಳು. ಅವಳು ಹೋಗಿ ಆ ಅರಿವೆ ಸುತ್ತಿದ ಬೆರಳಿನ ಮೇಲೆ ಕೈಯಿಡುವ ತನಕ ಅವರು ಬಾರಿಸುತ್ತಲೇ ಇದ್ದರು.